ಶುಗರ್ ಮಾತ್ರೆಯಿಂದ ತೊಂದರೆಯಾದರೆ ಕೇಸು ನಿಲ್ಲುವುದು ಎಲ್ಲಿ?

ಪಯೋಗ್ಲಿಟಜೋನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಮನೆಯಲ್ಲಿರುವ ಶುಗರ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ ನೋಡಿ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆಗೆ ಮೂರನೆಯ ಹೆಸರಾಗಿ ಇದೂ ಇರಬಹುದು. ಮೂರು ಔಷಧಿಯನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವುದು ನಮ್ಮ ದೇಶದಲ್ಲಿ ಮಾಮೂಲು. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ‘ಪಿ’ ಅಥವಾ ‘ಪಿಜಿ’ ಅಂತ ಇದ್ದರೆ ಒಮ್ಮೆ ಹಿಂದೆ ನೋಡುವುದು ಒಳ್ಳೆಯದು.

ಇದೇ ಔಷಧಿಯ ಮೇಲೆ ಅಮೆರಿಕದಲ್ಲಿ ದೊಡ್ಡ ಕಾನೂನು ಯುದ್ಧ ನಡೆಯಿತು. ಅಲ್ಲಿ ಇದನ್ನು ಆಕ್ಟೋಸ್ ಎಂಬ ಹೆಸರಲ್ಲಿ ಮಾರುತ್ತಿದ್ದದ್ದು ಜಪಾನಿನ ಟಕೇಡಾ ಕಂಪನಿ. ಮಾತ್ರೆಯಿಂದ ಮೂತ್ರಕೋಶದ ಕ್ಯಾನ್ಸರ್ ಬಂತು, ಕಂಪನಿಗೆ ಅಪಾಯ ಗೊತ್ತಿದ್ದೂ ಹೇಳಲಿಲ್ಲ ಅಂತ ಸಾವಿರಾರು ಮಂದಿ ಕೇಸು ಹಾಕಿದರು. 2015ರಲ್ಲಿ ಕಂಪನಿ ಸುಮಾರು 9,000 ದಾವೆಗಳನ್ನು ಮುಗಿಸಲು 2.37ರಿಂದ 2.4 ಬಿಲಿಯನ್ ಡಾಲರ್ (ಒಂದು ಬಿಲಿಯನ್ ಅಂದರೆ ನೂರು ಕೋಟಿ) ಕೊಡಲು ಒಪ್ಪಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ದುಡ್ಡು ಕೊಟ್ಟಿತು.

ಇಂಥ ಸುದ್ದಿ ಮೊಬೈಲಿನಲ್ಲಿ ತಿರುಗಿ ತಿರುಗಿ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಬಂದು ಮುಟ್ಟುವಾಗ ಅದರ ರೂಪ ಬದಲಾಗಿರುತ್ತದೆ. ‘ಅಪ್ಪ ಎಂಟು ವರ್ಷ ಅದೇ ಮಾತ್ರೆ ತಿಂದಿದ್ದಾರೆ, ನಮಗೂ ಪರಿಹಾರ ಸಿಗುತ್ತದಾ?’ ಇದು ನಾನು ಕೇಳಿರುವ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಬರುವುದಿಲ್ಲ.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ನಾಳೆ ಬೆಳಿಗ್ಗೆ ಮಾತ್ರೆ ನಿಲ್ಲಿಸಬೇಡಿ. ಶುಗರ್ ಏರಿ ಆಗುವ ಹಾನಿ ಬಹಳ ಸಲ ಮಾತ್ರೆಯ ಹಾನಿಗಿಂತ ದೊಡ್ಡದು. ಸಂಶಯ ಇದ್ದರೆ ಸ್ಟ್ರಿಪ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಈಗ ವಿಷಯಕ್ಕೆ ಬರೋಣ. ಸೈಡ್ ಎಫೆಕ್ಟ್ ಆಯಿತು ಅನ್ನುವುದೇ ಕೇಸು ಅಲ್ಲ. ಸೈಡ್ ಎಫೆಕ್ಟ್ ಇಲ್ಲದ ಔಷಧಿಯೇ ಇಲ್ಲ, ಅದು ಕಾನೂನಿಗೂ ಗೊತ್ತು. ಕಾನೂನು ಕೇಳುವುದು ಬೇರೆ. ಈ ಹಾನಿ ಈ ಮಾತ್ರೆಯಿಂದಲೇ ಆಯಿತೇ? ಆ ಅಪಾಯ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ಹೇಳಬೇಕಾದವರಿಗೆ ಹೇಳಿದರೇ? ಕೇಸು ಸೋಲುವುದು ಹೆಚ್ಚಾಗಿ ಮೊದಲನೆಯದರಲ್ಲಿ. ನಮ್ಮ ದೇಶದಲ್ಲಿ ಅಲ್ಲಿ ಗೆದ್ದರೂ ಕೊನೆಯದರಲ್ಲಿ ಕೇಸು ದಾರಿ ಬದಲಿಸುತ್ತದೆ.

ಮೊದಲನೆಯದು ಎಷ್ಟು ಕಷ್ಟ ಅನ್ನುವುದಕ್ಕೆ ಪಯೋಗ್ಲಿಟಜೋನ್‌ನ ಅಂಕಿಗಳನ್ನೇ ನೋಡಬಹುದು. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ಅಧ್ಯಯನವೊಂದು, ಬೇರೆ ಶುಗರ್ ಮಾತ್ರೆ ತಿಂದವರಿಗೆ ಹೋಲಿಸಿದರೆ ಇದನ್ನು ತಿಂದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಅಪಾಯ ಶೇ 63ರಷ್ಟು ಜಾಸ್ತಿ ಎಂದಿತು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಇದು ಎರಡು ಗುಂಪುಗಳ ನಡುವಿನ ವಯಸ್ಸಿನಂಥ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲಿನ ಅಂಕಿ. ಆದರೆ ಅದೇ ಅಧ್ಯಯನದಲ್ಲಿ ಹಾಗೆ ಸರಿದೂಗಿಸುವ ಮೊದಲಿನ ಎಣಿಕೆ ನೋಡಿದರೆ, ಒಂದು ಲಕ್ಷ ಮಂದಿಯನ್ನು ಒಂದು ವರ್ಷ ಗಮನಿಸಿದಾಗ ಈ ಮಾತ್ರೆಯವರಲ್ಲಿ ಸುಮಾರು 121 ಕ್ಯಾನ್ಸರ್, ಉಳಿದವರಲ್ಲಿ ಸುಮಾರು 89. ಸಣ್ಣದಲ್ಲ, ಆದರೆ ಶೇ 63 ಅಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರವೂ ಇದಲ್ಲ.

ಕೋರ್ಟಿನಲ್ಲಿ ಇದು ಇನ್ನೂ ಇಕ್ಕಟ್ಟಾಗುತ್ತದೆ. ಶೇ 63 ಜಾಸ್ತಿ ಅಂದರೆ ಏನರ್ಥ? ಮಾತ್ರೆ ತಿಂದು ಕ್ಯಾನ್ಸರ್ ಬಂದ 163 ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ, ಅವರಲ್ಲಿ 100 ಮಂದಿಗೆ ಮಾತ್ರೆ ತಿನ್ನದಿದ್ದರೂ ಕ್ಯಾನ್ಸರ್ ಬರುತ್ತಿತ್ತು. 63 ಮಂದಿಗೆ ಮಾತ್ರೆಯಿಂದ ಬಂತು. ಯಾರು ಆ 63ರಲ್ಲಿ, ಯಾರು ಆ 100ರಲ್ಲಿ? ಸ್ಕ್ಯಾನಿಂಗ್ ಹೇಳುವುದಿಲ್ಲ, ಬಯಾಪ್ಸಿಯೂ ಹೇಳುವುದಿಲ್ಲ. ಇಂಥ ಸಿವಿಲ್ ವಿಷಯಗಳಲ್ಲಿ ಗೆಲ್ಲಬೇಕಾದರೆ ‘ಹೀಗಾಗಿರುವ ಸಾಧ್ಯತೆಯೇ ಹೆಚ್ಚು’ ಅಂತ ತೋರಿಸಬೇಕು. ಬರೀ ಈ ಅಂಕಿ ಇಟ್ಟುಕೊಂಡು ಹೋದರೆ ಎದುರು ಪಕ್ಷದ ವಕೀಲರು ‘ನಿಮ್ಮ ಲೆಕ್ಕದ ಪ್ರಕಾರವೇ ಇವರು ಆ 100 ಮಂದಿಯಲ್ಲಿ ಒಬ್ಬರಾಗಿರುವ ಸಾಧ್ಯತೆ ಹೆಚ್ಚು’ ಎಂದುಬಿಡುತ್ತಾರೆ. ಅಪಾಯ ಎರಡು ಪಟ್ಟು ದಾಟಿದರೆ ಮಾತ್ರ ಅಂಕಿಯೊಂದೇ ನಿಮ್ಮ ಕಡೆ ವಾಲುತ್ತದೆ.

ಅದಕ್ಕೇ ಈ ರೋಗಿಯ ಸ್ವಂತ ವಿವರ ಮುಖ್ಯವಾಗುತ್ತದೆ. ಎಷ್ಟು ವರ್ಷ ತಿಂದರು? ಎಷ್ಟು ಮಿಲಿಗ್ರಾಂ? ಅದೇ ಅಧ್ಯಯನದಲ್ಲಿ ಹೆಚ್ಚು ವರ್ಷ, ಹೆಚ್ಚು ಡೋಸ್ ತಿಂದವರಲ್ಲಿ ಅಪಾಯವೂ ಹೆಚ್ಚುತ್ತಾ ಹೋಗಿತ್ತು. ಬೀಡಿ, ಸಿಗರೇಟು ಇತ್ತೇ? ಮೂತ್ರಕೋಶದ ಕ್ಯಾನ್ಸರ್‌ಗೆ ತಂಬಾಕಿನ ಹೊಗೆ ಬಹಳ ದೊಡ್ಡ ಕಾರಣ. ಮೂವತ್ತು ವರ್ಷ ಬೀಡಿ ಸೇದಿದವರ ಕೇಸು ಅಲ್ಲೇ ಅರ್ಧ ಮುಗಿದಂತೆ.

ವಿಜ್ಞಾನಿಗಳೂ ಒಂದೇ ಮಾತು ಹೇಳಿಲ್ಲ ಅನ್ನುವುದನ್ನೂ ಮುಚ್ಚಿಡಬಾರದು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹತ್ತು ವರ್ಷಗಳ ಅಧ್ಯಯನದಲ್ಲಿ ಅಪಾಯ ಖಚಿತವಾಗಿ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿಲ್ಲ ಅಂತಲೂ ಹೇಳಲಾಗಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ಜೂನ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. 2016ರ ಡಿಸೆಂಬರ್‌ನಲ್ಲಿ ಎಲ್ಲ ಅಧ್ಯಯನ ನೋಡಿ, ಅಪಾಯ ಹೆಚ್ಚಿರಬಹುದು ಅಂತ ಎಚ್ಚರಿಕೆಯನ್ನು ಉಳಿಸಿಕೊಂಡಿತು. ಫ್ರಾನ್ಸ್ 2011ರಲ್ಲಿ ಮಾತ್ರೆಯ ಬಳಕೆಯನ್ನೇ ನಿಲ್ಲಿಸಿತು.

ಹಾಗಾದರೆ ಅಮೆರಿಕದವರು ಅಷ್ಟು ದುಡ್ಡು ಹೇಗೆ ಪಡೆದರು? ಅಲ್ಲಿ ವಿಜ್ಞಾನಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕಂಪನಿಯ ಒಳಗಿನ ಕಾಗದಪತ್ರ. ಅಲ್ಲಿನ ಕೋರ್ಟ್ ಕಂಪನಿಯ ಇಮೇಲ್, ಟಿಪ್ಪಣಿ, ಒಳಗಿನ ವರದಿ ಎಲ್ಲವನ್ನೂ ಎದುರು ಪಕ್ಷಕ್ಕೆ ಕೊಡಿಸುತ್ತದೆ. ಲೂಸಿಯಾನದ ಲಾಫಯೆಟ್‌ನಲ್ಲಿ ನಡೆದ ವಿಚಾರಣೆಯಲ್ಲಿ, ಉಳಿಸಿಡಬೇಕಾಗಿದ್ದ ಕಡತಗಳನ್ನು ಕಂಪನಿ ನಾಶ ಮಾಡಿತ್ತು ಅನ್ನುವುದು ದೊಡ್ಡ ವಿಷಯವಾಯಿತು. 2014ರ ಏಪ್ರಿಲ್‌ನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಜನಸಾಮಾನ್ಯರ ತಂಡ, ರೋಗಿಗೆ ಆದ ನಷ್ಟಕ್ಕೆ ಸುಮಾರು 15 ಲಕ್ಷ ಡಾಲರ್ ಕೊಟ್ಟಿತು. ಅದರ ಮೇಲೆ ದಂಡವಾಗಿ ಟಕೇಡಾಕ್ಕೆ 6 ಬಿಲಿಯನ್, ಅದರ ಜೊತೆ ಸೇರಿ ಮಾತ್ರೆ ಮಾರಿದ್ದ ಇಲೈ ಲಿಲ್ಲಿ ಕಂಪನಿಗೆ 3 ಬಿಲಿಯನ್ ಹಾಕಿತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಈ 9 ಬಿಲಿಯನ್. ಆಮೇಲೆ ನ್ಯಾಯಾಧೀಶೆ ದಂಡವನ್ನು ಸುಮಾರು 3.7 ಕೋಟಿ ಡಾಲರ್‌ಗೆ ಇಳಿಸಿದ್ದು ಒಳಪುಟದಲ್ಲಿ ಬಂತು. ವಾಟ್ಸಾಪ್‌ನಲ್ಲಿ ಅದೂ ಬರಲಿಲ್ಲ, ಅಲ್ವಾ?

ನಮ್ಮಲ್ಲಿ ಜ್ಯೂರಿ ಇಲ್ಲ. ಕಂಪನಿಯ ಕಪಾಟು ತೆರೆಸುವ ಆ ಮಟ್ಟದ ಪದ್ಧತಿಯೂ ಇಲ್ಲ. ಇರುವುದು 2019ರ ಗ್ರಾಹಕರ ರಕ್ಷಣಾ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇದರಲ್ಲಿ, ಸರಕಿನ ದೋಷದಿಂದ ಹಾನಿಯಾದರೆ ತಯಾರಕರು, ಮಾರುವವರು, ಸೇವೆ ಕೊಡುವವರು ಹೊಣೆ ಹೊರಬೇಕು ಎಂಬ ಅಧ್ಯಾಯವೇ ಇದೆ, ಸೆಕ್ಷನ್ 82ರಿಂದ 87ರವರೆಗೆ. ತಯಾರಿಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಸರಿಯಾದ ಸೂಚನೆ ಅಥವಾ ಎಚ್ಚರಿಕೆ ಕೊಡದೇ ಇರುವುದು, ಇವೆಲ್ಲ ತಯಾರಕರ ಮೇಲೆ ಬರುತ್ತವೆ.

ತಯಾರಿಯ ದೋಷ ಸುಲಭದ್ದು. ಮಾತ್ರೆಯಲ್ಲಿ ಇರಬೇಕಾದ ಔಷಧಿ ಇಲ್ಲ, ಅಥವಾ ಇರಬಾರದ್ದು ಇದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ಬ್ಯಾಚ್ ನಂಬರ್ ಸಮೇತ ತಿಂಗಳು ತಿಂಗಳು ಪ್ರಕಟಿಸುತ್ತದೆ. ನಿಮ್ಮ ಸ್ಟ್ರಿಪ್ಪಿನ ಬ್ಯಾಚ್ ಅದರಲ್ಲಿದ್ದರೆ ಅರ್ಧ ಕೆಲಸ ಆಯಿತು.

ಸೈಡ್ ಎಫೆಕ್ಟ್ ಕೇಸು ಇದಲ್ಲ. ಅಲ್ಲಿ ಮಾತ್ರೆ ಸರಿಯಾಗಿಯೇ ಇರುತ್ತದೆ. ತಕರಾರು ಎಚ್ಚರಿಕೆಯ ಬಗ್ಗೆ. ಇಲ್ಲೇ ಸೆಕ್ಷನ್ 87 ಅಡ್ಡ ಬರುತ್ತದೆ. ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕಾದ ಸರಕಾದರೆ, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ತಯಾರಕರು ಸಾಕಷ್ಟು ಪ್ರಯತ್ನ ಮಾಡಿದ್ದರೆ, ಎಚ್ಚರಿಸಲಿಲ್ಲ ಅನ್ನುವ ಹೊಣೆ ಅವರ ಮೇಲೆ ಇಲ್ಲ. ಶುಗರ್ ಮಾತ್ರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿ. ಅಂದರೆ ಕಂಪನಿ ಹೇಳಬೇಕಾದದ್ದು ಡಾಕ್ಟರಿಗೆ, ನಿಮಗಲ್ಲ. ಡಾಕ್ಟರಿಗೆ ಹೇಳಿದ್ದೇನೆ ಅಂತ ತೋರಿಸಿದರೆ ಕಂಪನಿ ಪಾರು.

ಪಯೋಗ್ಲಿಟಜೋನ್ ವಿಷಯದಲ್ಲಿ ಇದನ್ನು ತೋರಿಸುವುದು ಕಂಪನಿಗಳಿಗೆ ಸುಲಭ. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಈ ಔಷಧಿಯನ್ನು ನಿಲ್ಲಿಸಿತು. ಶುಗರ್ ಡಾಕ್ಟರುಗಳು ಗಲಾಟೆ ಮಾಡಿದರು. ಇದು ಅಗ್ಗದ ಮಾತ್ರೆ, ನಮ್ಮ ರೋಗಿಗಳಿಗೆ ಬೇಕು ಅನ್ನುವುದು ಅವರ ವಾದ. ಅದರಲ್ಲಿ ಹುರುಳಿಲ್ಲದೇ ಇರಲಿಲ್ಲ. ಜುಲೈ 31ಕ್ಕೆ ನಿಷೇಧ ತೆಗೆದರು, ಆದರೆ ಷರತ್ತು ಹಾಕಿದರು. ಔಷಧಿಯ ಜೊತೆಯ ಹಾಳೆಯಲ್ಲಿ ಎದ್ದು ಕಾಣುವಂತೆ ಎಚ್ಚರಿಕೆ ಇರಬೇಕು. ಮೂತ್ರಕೋಶದ ಕ್ಯಾನ್ಸರ್ ಇರುವವರಿಗೆ, ಹಿಂದೆ ಬಂದವರಿಗೆ, ಮೂತ್ರದಲ್ಲಿ ರಕ್ತ ಬರುತ್ತಿದ್ದು ಅದಕ್ಕೆ ಕಾರಣ ಹುಡುಕದೇ ಇರುವವರಿಗೆ ಇದನ್ನು ಕೊಡಬಾರದು. ಹಾಗಾಗಿ ಆಮೇಲೆ ಈ ಮಾತ್ರೆ ಶುರು ಮಾಡಿದವರು ‘ಕಂಪನಿ ಮುಚ್ಚಿಟ್ಟಿತು’ ಅನ್ನುವುದು ಕಷ್ಟ. ಎಚ್ಚರಿಕೆ ಅಚ್ಚಾಗಿ ಕೂತಿದೆ.

ಆದರೆ ಆ ಹಾಳೆಯನ್ನು ಯಾವಾಗಲಾದರೂ ನೋಡಿದ್ದೀರಾ? ಸಂತೆ ದಿನ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಐದು ನಿಮಿಷ ನಿಂತು ನೋಡಿ. ಕಾಫಿ ತೋಟದ ಲೈನ್ ಮನೆಯಿಂದ ಬಂದ ಹೆಂಗಸು ‘ಒಂದು ವಾರಕ್ಕೆ ಸಾಕು’ ಅನ್ನುತ್ತಾಳೆ. ಅಂಗಡಿಯವನು ದೊಡ್ಡ ಡಬ್ಬದಿಂದ ಒಂದು ಸ್ಟ್ರಿಪ್ ಎಳೆದು ಕತ್ತರಿಯಲ್ಲಿ ಏಳು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ದಿನಕ್ಕೆ ಒಂದು ಅಂತ ಗೆರೆ ಎಳೆಯುತ್ತಾನೆ. ಎಚ್ಚರಿಕೆಯ ಹಾಳೆ ಡಬ್ಬದಲ್ಲೇ ಉಳಿಯಿತು. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು ಇದ್ದ ತುಂಡು ಅಂಗಡಿಯಲ್ಲಿ ಉಳಿಯಿತು. ಬಿಲ್ ಕೇಳಲಿಲ್ಲ, ಕೊಡಲಿಲ್ಲ. ಮಳೆಗಾಲದಲ್ಲಿ ಆ ಕವರೂ ಒದ್ದೆಯಾಗಿ ಅಕ್ಷರ ಅಳಿಸಿರುತ್ತದೆ. ಎರಡು ವರ್ಷ ಕಳೆದು ತೊಂದರೆಯಾದಾಗ, ಯಾವ ಕಂಪನಿಯ ಮಾತ್ರೆ ತಿಂದೆ ಅನ್ನುವುದಕ್ಕೇ ಆಧಾರ ಇಲ್ಲ. ಒಂದೇ ಔಷಧಿಯನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ಯಾರ ಮೇಲೆ ದೂರು ಕೊಡುವುದು?

ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಕೇಸುಗಳು ಸಾಯುವುದು ಆ ಕತ್ತರಿಯಲ್ಲಿ. ಕಾನೂನಿನ ಸೆಕ್ಷನ್ ಎಲ್ಲ ಆಮೇಲಿನ ಮಾತು.

ಕಂಪನಿ ಪಾರಾದರೆ ಹೊಣೆ ಎಲ್ಲಿಗೆ ಬರುತ್ತದೆ? ಎಚ್ಚರಿಕೆ ತಲುಪಿದ್ದ ಡಾಕ್ಟರ ಕಡೆಗೆ. ಇಲ್ಲೂ ಅಳತೆ ಇದೆ. ಚಿಕಿತ್ಸೆ ಫಲಿಸಲಿಲ್ಲ ಅನ್ನುವುದು ನಿರ್ಲಕ್ಷ್ಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಆ ವಿದ್ಯೆಯ ಸಾಧಾರಣ ಡಾಕ್ಟರ್ ಮಾಡುವಷ್ಟು ಜಾಗ್ರತೆ ಮಾಡಿದ್ದರೆ ಸಾಕು. ಚಿಕಿತ್ಸೆಯ ಮುಖ್ಯ ಅಪಾಯಗಳನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಅಂತಲೂ ಅದೇ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಇವೆರಡನ್ನೂ ಇಟ್ಟುಕೊಂಡು ನೋಡಿ. ಒಬ್ಬ ರೋಗಿಗೆ ಕ್ಯಾನ್ಸರ್ ಬಂತು ಅಂದಮಾತ್ರಕ್ಕೆ ಡಾಕ್ಟರ್ ತಪ್ಪಿತಸ್ಥರಲ್ಲ. ಆದರೆ ‘ಮೂತ್ರ ಕೆಂಪಾಗಿ ಹೋಗುತ್ತಿದೆ’ ಅಂತ ರೋಗಿ ಹೇಳಿದ್ದು ಚೀಟಿಯಲ್ಲಿ ಬರೆದಿದ್ದು, ಯಾವ ಪರೀಕ್ಷೆಯೂ ಮಾಡಿಸದೆ ಅದೇ ಪಯೋಗ್ಲಿಟಜೋನ್ ಮುಂದುವರಿಸಿದ್ದರೆ? ಅದು ಗಟ್ಟಿ ಕೇಸು. 2013ರ ಎಚ್ಚರಿಕೆಯೇ ರೋಗಿಯ ಕಡೆ ಸಾಕ್ಷಿ ಹೇಳುತ್ತದೆ.

ಔಷಧಿಯಿಂದಾದ ಹಾನಿಗೆ ನಮ್ಮ ದೇಶದಲ್ಲಿ ದೊಡ್ಡ ಮೊತ್ತ ಸಿಕ್ಕಿದ್ದೂ ಈ ದಾರಿಯಲ್ಲೇ. ಕೋಲ್ಕತ್ತದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ವಿಪರೀತ ಕೊಟ್ಟು, ಆಮೇಲಿನ ಚಿಕಿತ್ಸೆಯೂ ತಪ್ಪಿ 1998ರಲ್ಲಿ ಒಬ್ಬ ಮಹಿಳೆ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಕೊಟ್ಟದ್ದು ಆಸ್ಪತ್ರೆ ಮತ್ತು ಡಾಕ್ಟರುಗಳು, ಔಷಧಿ ಕಂಪನಿ ಅಲ್ಲ. ಹದಿನೈದು ವರ್ಷ ಹಿಡಿಯಿತು ಅನ್ನುವುದನ್ನೂ ನೆನಪಿಡಿ.

ಮೆಡಿಕಲ್ ಶಾಪಿನವರೂ ಹೊರಗಿಲ್ಲ. ಚೀಟಿ ಇಲ್ಲದೆ ಕೊಟ್ಟರೆ, ಬರೆದದ್ದು ಬಿಟ್ಟು ‘ಇದೂ ಅದೇ’ ಅಂತ ಬೇರೆ ಕೊಟ್ಟರೆ ಅವರ ತಲೆ ಮೇಲೂ ಬರುತ್ತದೆ. ಆದರೆ ಇದು ಎರಡು ಕಡೆ ಕೊಯ್ಯುತ್ತದೆ. ಚೀಟಿ ಇಲ್ಲದೆ ತಾನೇ ಕೇಳಿ ಕೇಳಿ ಐದು ವರ್ಷ ತಿಂದವರಿಗೆ ಕಂಪನಿಯ ಮೇಲೆ ಹೋಗುವುದೂ ಕಷ್ಟ, ಡಾಕ್ಟರ ಮೇಲೆ ಹೋಗುವುದೂ ಕಷ್ಟ. ಪಕ್ಕದ ಮನೆಯ ಮಾವನಿಗೆ ಒಳ್ಳೆಯದಾಯಿತು ಅಂತ ಅವರ ಮಾತ್ರೆ ತಿನ್ನುವುದು ನಮ್ಮಲ್ಲಿ ಏನು ಕಡಿಮೆಯೇ?

ದೂರು ಕೊಡುವುದು ಎಲ್ಲಿ ಅನ್ನುವುದಕ್ಕೆ ಬಂದರೆ, ಇಲ್ಲಿ ಕಾನೂನು ನಮಗೆ ಅನುಕೂಲವಾಗಿಯೇ ಇದೆ. ಹೊಸ ಕಾಯ್ದೆಯಲ್ಲಿ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ಮುಂಬೈಯಲ್ಲಿರಲಿ, ಚಿಕಿತ್ಸೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗಿರಲಿ, ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ಜಿಲ್ಲೆಯೋ, ರಾಜ್ಯ ಆಯೋಗವೋ ಅನ್ನುವುದನ್ನು ಈಗ ನಿರ್ಧರಿಸುವುದು ನೀವು ಕೇಳುವ ಪರಿಹಾರ ಅಲ್ಲ, ನೀವು ಕೊಟ್ಟ ಬೆಲೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಮಾತ್ರೆಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟವರು ಎಷ್ಟು ಪರಿಹಾರ ಕೇಳಿದರೂ ಮಡಿಕೇರಿಯಲ್ಲೇ ನಡೆಯುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯ ಅಲ್ಲ, ಆದರೆ ಇಂಥ ಕೇಸಿಗೆ ಇಲ್ಲದೆ ಹೋಗಬೇಡಿ ಅಂತ ನಾನು ಹೇಳುತ್ತೇನೆ. ಹೊರಗಿನ ತಜ್ಞ ಡಾಕ್ಟರೊಬ್ಬರ ಅಭಿಪ್ರಾಯವೂ ಬೇಕಾಗುತ್ತದೆ. ಅದನ್ನು ಬರೆದುಕೊಡುವ ಡಾಕ್ಟರ್ ಸಿಗುವುದೇ ನಿಜವಾದ ಕಷ್ಟ.

ಪುಕ್ಕಟೆ ಚಿಕಿತ್ಸೆಯ ಪ್ರಶ್ನೆ ಕೊಡಗಿನಲ್ಲಿ ದೊಡ್ಡದು. ಎಲ್ಲರಿಗೂ ಪುಕ್ಕಟೆ ಕೊಡುವ ಸರ್ಕಾರಿ ಆಸ್ಪತ್ರೆಯಲ್ಲಿ ಪಡೆದ ಚಿಕಿತ್ಸೆಗೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದೆ. ಇದು 1995ರ ಸುಪ್ರೀಂ ಕೋರ್ಟ್ ತೀರ್ಪು. ಸಿವಿಲ್ ಕೋರ್ಟ್ ಅಥವಾ ಹೈಕೋರ್ಟ್ ದಾರಿ ಇದೆ, ಉದ್ದದ ದಾರಿ. ಆದರೆ ನಮ್ಮಲ್ಲಿ ಮನೆಮನೆಗೂ ನಿವೃತ್ತ ಸೈನಿಕರಿದ್ದಾರೆ, ಅವರಿಗೆ ಶುಗರ್ ಮಾತ್ರೆ ಬರುವುದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಿಂದ. ಅದು ಪುಕ್ಕಟೆಯೇ? ಸೇನಾ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು ಎಚ್‌ಐವಿ ತಗುಲಿದ ವಾಯುಪಡೆಯ ಮಾಜಿ ಯೋಧರೊಬ್ಬರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.54 ಕೋಟಿ ಪರಿಹಾರ ಕೊಡಿಸಿತು. ಅದು ಗ್ರಾಹಕರ ಆಯೋಗದಿಂದಲೇ ಮೇಲೆ ಹೋದ ಕೇಸು. ಸೇವೆಯ ಭಾಗವಾಗಿ ಸಿಗುವ ಚಿಕಿತ್ಸೆಯನ್ನು ದಾನ ಅಂತ ನೋಡಬೇಕಾಗಿಲ್ಲ. ಹಾಗಾಗಿ ‘ಫ್ರೀ ಮಾತ್ರೆ, ನಮಗೆ ಹಕ್ಕಿಲ್ಲ’ ಅಂತ ಮಾಜಿ ಸೈನಿಕರು ಮೊದಲೇ ಕೈಬಿಡಬೇಡಿ.

ಗಡುವು ಎರಡು ವರ್ಷ. ಎಲ್ಲಿಂದ ಎರಡು ವರ್ಷ ಅನ್ನುವುದರಲ್ಲೇ ಜಗಳ. ಮಾತ್ರೆ ತಿಂದ ದಿನದಿಂದಲೇ, ರೋಗ ಪತ್ತೆಯಾದ ದಿನದಿಂದಲೇ, ಇವೆರಡಕ್ಕೂ ಸಂಬಂಧ ಇದೆ ಅಂತ ಡಾಕ್ಟರ್ ಹೇಳಿದ ದಿನದಿಂದಲೇ? ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕು ಅಂತಿಲ್ಲ. ಅದಕ್ಕೇ ಸಂಬಂಧದ ಮಾತು ಮೊದಲು ಯಾವಾಗ, ಯಾವ ಡಾಕ್ಟರ್ ಹೇಳಿದರು ಅನ್ನುವುದು ಕಾಗದದಲ್ಲಿ ಇರಲಿ. ಆಸ್ಪತ್ರೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಡಾಕ್ಟರುಗಳ ನಿಯಮವೇ ಹೇಳುತ್ತದೆ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಇನ್ನು ಶುಗರ್‌ಗೆ ಬಂದಿರುವ ಹೊಸ ಇಂಜೆಕ್ಷನ್‌ಗಳು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ ಭಾರತಕ್ಕೆ ಬಂತು. ಸೆಮಗ್ಲುಟೈಡ್ ಮಾತ್ರೆಯಾಗಿ ಮೊದಲೇ ಇತ್ತು. ತೂಕ ಇಳಿಸಲು ಅಂತ ಶುಗರ್ ಇಲ್ಲದವರೂ ಕೇಳುತ್ತಿದ್ದಾರೆ. ಹೊಟ್ಟೆಯ ಚಲನೆ ನಿಂತಂತಾಗಿ ವಾಂತಿ ಬಿಡದೆ ಕಾಡಿತು ಅಂತ ಅಮೆರಿಕದಲ್ಲಿ ಹಾಕಿದ ದಾವೆಗಳನ್ನು 2024ರ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಫೆಡರಲ್ ಕೋರ್ಟಿನಲ್ಲಿ ಒಟ್ಟುಗೂಡಿಸಿದರು. ಅಲ್ಲೂ ಅದೇ ಪ್ರಶ್ನೆ, ಎಚ್ಚರಿಕೆ ಸಾಕಷ್ಟಿತ್ತೇ? ನಮ್ಮಲ್ಲಿ ಈ ಇಂಜೆಕ್ಷನ್ ಡಬ್ಬದ ಸಮೇತ ಸಿಗುತ್ತದೆ, ಒಳಗೆ ಹಾಳೆ ಇರುತ್ತದೆ. ಕತ್ತರಿ ಹಾಕುವ ಹಾಗಿಲ್ಲ. ಆ ಮಟ್ಟಿಗೆ ಒಳ್ಳೆಯದು.

‘ಅಮೆರಿಕದ ಪರಿಹಾರದಲ್ಲಿ ನಿಮ್ಮ ಹೆಸರೂ ಸೇರಿಸುತ್ತೇವೆ, ಪ್ರೊಸೆಸಿಂಗ್ ಫೀಸ್ ಕಳಿಸಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಟಕೇಡಾ ಒಪ್ಪಂದ ಅಲ್ಲಿನ ದಾವೆಗಳಿಗೆ ಮಾತ್ರ, ಅದೂ ಮುಗಿದು ವರ್ಷಗಳಾದವು. ಇಲ್ಲಿ ನೀವು ತಿಂದದ್ದು ಬಹುಮಟ್ಟಿಗೆ ಆ ಕಂಪನಿಯ ಮಾತ್ರೆಯೂ ಆಗಿರುವುದಿಲ್ಲ.

ಕೇಸು ಹಾಕುತ್ತೀರೋ ಇಲ್ಲವೋ, ಒಂದು ಕೆಲಸ ಇವತ್ತೇ ಮಾಡಬಹುದು. 2010ರಿಂದ ನಮ್ಮ ದೇಶದಲ್ಲಿ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ನಡೆಸುವುದು ಗಾಜಿಯಾಬಾದ್‌ನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ. ಡಾಕ್ಟರೇ ಹೇಳಬೇಕು ಅಂತಿಲ್ಲ, ರೋಗಿಯೂ ಮನೆಯವರೂ ವರದಿ ಮಾಡಬಹುದು. ಜನರಿಗಾಗಿಯೇ ಮಾಡಿದ ನಮೂನೆ ಕನ್ನಡದಲ್ಲೂ ಇದೆ. ಪುಕ್ಕಟೆ ಸಹಾಯವಾಣಿ 1800-180-3024. ಇದರಿಂದ ದುಡ್ಡು ಬರುವುದಿಲ್ಲ, ಯಾರಿಗೂ ಶಿಕ್ಷೆ ಆಗುವುದಿಲ್ಲ. ಆದರೆ ಯಾವ ಮಾತ್ರೆ, ಯಾವ ಬ್ಯಾಚ್, ಯಾವತ್ತು ಶುರು, ಯಾವತ್ತು ತೊಂದರೆ ಅಂತ ಅದರಲ್ಲಿ ತುಂಬಿಸುವಾಗಲೇ ನಿಮ್ಮ ಹತ್ತಿರ ಏನಿದೆ, ಏನಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ. ತುಂಬಿದ ನಮೂನೆಯ ಒಂದು ಪ್ರತಿ ಇಟ್ಟುಕೊಳ್ಳಿ. ಎರಡು ವರ್ಷದ ಗಡುವಿನ ಬಗ್ಗೆ ಆಯೋಗದ ಮುಂದೆ ಮಾತು ಬಂದಾಗ ಅದರ ಮೇಲಿನ ತಾರೀಕು ಕೆಲಸಕ್ಕೆ ಬರಬಹುದು.